ಐನ್ ಬರುವವರೆಗೆ

ಚಾಮರಾಜಪೇಟೆಯ ಆ ಗಲ್ಲಿಯಲ್ಲಿ ಖೈರುನ್ನಿಸಾ ಅವರ ಮನೆ ಯಾವುದು ಅಂತ ಕೇಳಿದರೆ ಯಾರೂ ಹೇಳಲಾರರು. ಖೈರಾಪಾ ಮನೆ ಅನ್ನಿ, ಮಕ್ಕಳೇ ಕೈಹಿಡಿದು ಕರೆದುಕೊಂಡು ಹೋಗಿ ಬಾಗಿಲ ಹತ್ತಿರ ಬಿಡುತ್ತವೆ. ಬಿಟ್ಟವು ಅಲ್ಲಿ ನಿಲ್ಲುವುದಿಲ್ಲ, ಓಟ ಕೀಳುತ್ತವೆ. ಆಪಾ ಕಣ್ಣಿಗೆ ಬಿದ್ದರೆ ಹಿಡಿದು ಕೂರಿಸಿ, ನಿನ್ನೆಯ ಪಾಠ ಒಪ್ಪಿಸು ಅಂದುಬಿಟ್ಟರೆ ಏನು ಗತಿ!

ದಿನಾ ಸಂಜೆ ಅಸರ್ ನಮಾಜು ಮುಗಿಯುತ್ತಿದ್ದಂತೆ ಆಕೆಯ ಮುಂದಿನ ಕೋಣೆ ಮಕ್ಕಳಿಂದ ತುಂಬಿಕೊಳ್ಳುತ್ತಿತ್ತು. ಖೈರಾಪಾ ಕುರಾನ್ ಓದುವುದನ್ನು ಕಲಿಸುತ್ತಿದ್ದರು. ಓದುವುದನ್ನು ಮಾತ್ರ. ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ಬಿಡಬೇಕು, ಗಂಟಲಿನಿಂದ ಬರಬೇಕಾದ ಅಕ್ಷರವನ್ನು ಹಲ್ಲಿನಿಂದ ತಂದರೆ ಮೊಣಕಾಲಿಗೆ ಎಷ್ಟು ಜೋರಾಗಿ ತಟ್ಟಬೇಕು, ಇವೆಲ್ಲ ಆಕೆಗೆ ಕರತಲಾಮಲಕ. ಯಾವ ಮಗುವಾದರೂ ಅರ್ಥ ಕೇಳಿದರೆ, "ಅದನ್ನ ಮಸೀದೀಲಿ ಹಜರತ್‌ರನ್ನ ಕೇಳು. ನಂದು ನಾಲಿಗೆ ತಿದ್ದೋ ಕೆಲಸ" ಎಂದು ಮುಗಿಸುತ್ತಿದ್ದರು. ಆಕೆಯ ತಾಯಿಯೂ ಅರ್ಥ ಕೇಳಿದವರಲ್ಲ, ಅಜ್ಜಿಯೂ ಅಲ್ಲ. ಆದರೆ ತಿದ್ದಿದ ನಾಲಿಗೆಯ ಬಗ್ಗೆ ಜಂಭ ಅಂದರೆ ಜಂಭ! "ಎಲ್ಲೇ ಓದಲಿ, ಕೇಳಿದವರಿಗೆ ಗೊತ್ತಾಗ್ಬೇಕು, ಇದು ಖೈರಾಪಾ ಚಾಪೆ ಮೇಲೆ ಕೂತೆದ್ದ ನಾಲಿಗೆ ಅಂತ."

ಆ ಚಾಪೆಗೆ ಒಂದು ಕಟ್ಟುಪಾಡಿತ್ತು. ಕುರಾನಿನ ಪುಟದ ಅಂಚಿನಲ್ಲಿ, ಒಂದು ವಿಷಯ ಮುಗಿಯುವ ಕಡೆ, ಐನ್ ಅನ್ನುವ ಅಕ್ಷರವನ್ನು ಸಣ್ಣದಾಗಿ ಬರೆದಿರುತ್ತಾರೆ. ಓದಲು ಶುರುಮಾಡಿದ ಮೇಲೆ ಆ ಐನ್ ಬರುವವರೆಗೆ ಯಾರೂ ಏಳುವಂತಿಲ್ಲ. ಬೀದಿಯಲ್ಲಿ ಮದುವೆಯ ಬ್ಯಾಂಡು ಹೋಗಲಿ, ನಲ್ಲಿಯಲ್ಲಿ ನೀರು ಬರಲಿ, ಊಹೂಂ. "ಮನುಷ್ಯರ ಮಾತನ್ನೇ ಅರ್ಧ ಕೇಳಿ ಎದ್ದು ಹೋಗೋದು ಮರ್ಯಾದೆ ಅಲ್ಲ. ದೇವರ ಮಾತು ಕೇಳ್ತಾ ಕೂತು ಮಧ್ಯಕ್ಕೆ ಎದ್ದುಹೋಗ್ತೀರೇನ್ರೋ?" ಎನ್ನುತ್ತಿದ್ದರು.

ಅಷ್ಟು ಮಕ್ಕಳಲ್ಲಿ ಆಕೆಯ ಕಣ್ಮಣಿ ಮುನೀಬ್. ಅವನು ಚಿಕ್ಕವನಿದ್ದಾಗ ಓದುತ್ತಿದ್ದರೆ ಗಲ್ಲಿಯಲ್ಲಿ ಹೋಗುತ್ತಿದ್ದವರು ಸ್ಕೂಟರ್ ನಿಧಾನ ಮಾಡುತ್ತಿದ್ದರು. ಅವನ ಗೆಳೆಯ ಕೈಲಾಸ್. ಅವೆನ್ಯೂ ರಸ್ತೆಯಲ್ಲಿ ಕಾಗದದ ಅಂಗಡಿ ಇಟ್ಟಿರುವ ಮಲ್ಲಿಕಾರ್ಜುನಯ್ಯನವರ ಮಗ, ಮನೆ ಮೂರು ಬೀದಿ ಆಚೆ. ಮುನೀಬ್ ಒಳಗೆ ಓದುತ್ತಿದ್ದರೆ ಕೈಲಾಸ್ ಬ್ಯಾಟು ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಿದ್ದ. ಗಳಿಗೆಗೊಮ್ಮೆ ಕಿಟಕಿಯಿಂದ ಕೂಗುತ್ತಿದ್ದ: "ಆಪಾ, ಐನ್ ಬಂತಾ?"

"ಇನ್ನೂ ಇಲ್ಲ ಕಣೋ, ಬಡ್ಕೋಬೇಡ!" ಎಂದು ಗದರಿ, ಆಪಾ ಒಂದು ಬಿಸ್ಕತ್ತು ಕೊಟ್ಟು ಕಳಿಸುತ್ತಿದ್ದರು. ಹಣೆಯ ಮೇಲೆ ವಿಭೂತಿ, ಬಾಯಿತುಂಬಾ ಬಿಸ್ಕತ್ತು, ಹಾಗೆ ಕೂತಿರುತ್ತಿದ್ದ ಹುಡುಗ.

ಇಬ್ಬರೂ ಬೆಳೆದರು. ಮುನೀಬ್ ಮೊಬೈಲ್ ರಿಪೇರಿ ಅಂಗಡಿ ಸೇರಿದ, ಯಾರ ಬಳಿಯೋ ಅರಬ್ಬಿ ಕಲಿತ, ಯಾರ್ಯಾರದೋ ಭಾಷಣಗಳನ್ನು ಕಿವಿಗೆ ಸಿಕ್ಕಿಸಿಕೊಂಡು ತಿರುಗತೊಡಗಿದ. ಒಂದು ದಿನ ಬಂದು ಆಪಾಗೇ ಬುದ್ಧಿ ಹೇಳಿದ. ದರ್ಗಾಕ್ಕೆ ಹೂವು ಒಯ್ಯುವುದು ತಪ್ಪಂತೆ, ಕೈಲಾಸನ ಅಜ್ಜಿ ಗಿರಿಜಾಂಬಾ ಕಳಿಸುವ ಹಬ್ಬದ ಒಬ್ಬಟ್ಟು ತಿನ್ನುವುದು ತಪ್ಪಂತೆ. "ಬರೆದದ್ದು ಬರೆದ ಹಾಗೆ, ಆಪಾ. ಅಕ್ಷರ ಅಕ್ಷರ. ನಮ್ಮ ಬುದ್ಧಿ ಅದಕ್ಕೆ ಸೇರಿಸಬಾರದು."

ಆಪಾಗೆ ಮೈ ಉರಿದುಹೋಯಿತು. ಒಬ್ಬಟ್ಟು ಬಿಡುವುದೇ! ಆದರೂ ಅವನು ಹೋದ ಮೇಲೆ ಸೊಸೆಯ ಮುಂದೆ, "ಏನಾದ್ರೂ ಒದರಲಿ, ಉಚ್ಚಾರ ಮಾತ್ರ ಚಿನ್ನ" ಅಂದರು.

ಅತ್ತ ಕೈಲಾಸ್ ಕೂಡ ಸುಮ್ಮನಿರಲಿಲ್ಲ. ಅವನಿಗೂ ಅವನದೇ ಗುಂಪುಗಳು, ಅವನದೇ ಭಾಷಣಗಳು. ಒಂದು ಶುಕ್ರವಾರ ಬೆಳಿಗ್ಗೆ ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದು ಹೇಸಿಗೆ ಚಿತ್ರ ಹಾಕಿ, ಕೆಳಗೆ ಕುರಾನಿನ ಒಂದು ಮಾತು ಬರೆದ: ಕಂಡಲ್ಲಿ ಕೊಲ್ಲಿ ಅಂತ ಇವರ ಪುಸ್ತಕದಲ್ಲೇ ಇದೆ, ನೋಡಿಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಅದು ಗಲ್ಲಿಯ ಎಲ್ಲ ಫೋನುಗಳಲ್ಲೂ ಇತ್ತು.

ಸಂಜೆ ಪಾಠ ಆಗಷ್ಟೇ ಶುರುವಾಗಿತ್ತು. ಬೀದಿಯಲ್ಲಿ ಸ್ಕೂಟರ್ ಬಿದ್ದ ಸದ್ದು, ಹಿಂದೆಯೇ ಕೂಗಾಟ. ತೆರೆದ ಬಾಗಿಲಿನಿಂದ ಕೈಲಾಸ್ ಒಳಗೆ ನುಗ್ಗಿ ಬಂದ. ಅಂಗಿಯ ತೋಳು ಹರಿದಿತ್ತು. ಅಂಗಡಿಯಿಂದ ಮನೆಗೆ ಹೋಗುತ್ತಿದ್ದವನನ್ನು ಗಲ್ಲಿಯ ಹುಡುಗರು ಅಡ್ಡಹಾಕಿದ್ದರು.

"ಆಪಾ… ನನ್ನ ಬಿಡಲ್ಲ ಅವರು."

ಆಪಾ ಆ ಚಿತ್ರವನ್ನು ನೋಡಿದ್ದರು. ಕೆನ್ನೆಗೆ ಬಾರಿಸಬೇಕು ಅನ್ನುವಷ್ಟು ಸಿಟ್ಟಿತ್ತು. ಆದರೆ ಎದುರಿಗೆ ನಿಂತವನು ಬಿಸ್ಕತ್ತಿನ ಹುಡುಗ. "ನನ್ನ ಹಿಂದೆ ಕೂತ್ಕೋ. ಬಾಯಿ ಬಿಟ್ಟೆ ಅಂದ್ರೆ ನೋಡು" ಅಂದರು. ಸೊಸೆ ಒಳಕೋಣೆಗೆ ಓಡಿ ಪೊಲೀಸರಿಗೆ ಫೋನ್ ಹಚ್ಚಿದಳು. ಅವರು ಬರುವಷ್ಟರಲ್ಲಿ ಏನು ಬೇಕಾದರೂ ಆಗಬಹುದಿತ್ತು, ಏಕೆಂದರೆ ಬಾಗಿಲಲ್ಲಿ ಹುಡುಗರು ಬಂದು ನಿಂತಾಗಿತ್ತು. ಮುಂದೆ ನಿಂತವನು ಮುನೀಬ್, ಕೈಯಲ್ಲಿ ಕಬ್ಬಿಣದ ರಾಡು. ಬಾಯಲ್ಲಿ ಅದೇ ಆಯತ್ತು, ಕುರಾನಿನ ಅದೇ ವಾಕ್ಯ. ಗಲ್ಲಿಯುದ್ದಕ್ಕೂ ಅದನ್ನೇ ಓದುತ್ತಾ ಬಂದಿದ್ದ. ಕಂಡಲ್ಲಿ ಕೊಲ್ಲಿ ಎಂಬಲ್ಲಿಗೆ ನಿಲ್ಲಿಸುತ್ತಿದ್ದ, ಮತ್ತೆ ಮೊದಲಿಂದ ಹಿಡಿಯುತ್ತಿದ್ದ. ಕೈಲಾಸನ ಫೋನಿನಲ್ಲಿ ನಿಂತದ್ದೂ ಅಲ್ಲೇ, ಇವನ ಬಾಯಲ್ಲಿ ನಿಂತದ್ದೂ ಅಲ್ಲೇ. ಅದರ ಉಚ್ಚಾರ ಮಾತ್ರ, ಏನು ಹೇಳಲಿ, ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಾನು ಆ ನಾಲಿಗೆ ತಿದ್ದಿದ್ದು ಇದಕ್ಕಾಗಿಯೇ ಅನ್ನಿಸಿತು ಆಪಾಗೆ.

"ಆಪಾ, ಪಕ್ಕಕ್ಕೆ ಸರೀರಿ."

"ಚಪ್ಪಲಿ" ಅಂದರು ಆಪಾ.

ಮುನೀಬ್ ತನ್ನ ಕಾಲು ನೋಡಿಕೊಂಡ. ಚಿಕ್ಕಂದಿನ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಚಪ್ಪಲಿ ಹೊರಗೆ ಬಿಟ್ಟ.

"ಏನೋ ಓದ್ಕೊಂಡು ಬರ್ತಿದ್ಯಲ್ಲ. ಐನ್ ಬಂತಾ?"

"ಆಪಾ, ಇದು ಅದಕ್ಕೆಲ್ಲ ಟೈಮ್ ಅಲ್ಲ…"

"ಐನ್ ಬಂತೇನೋ ಅಂದೆ!" ಆ ಗದರಿಕೆಗೆ ಚಾಪೆಯ ಮೇಲಿದ್ದ ಮಕ್ಕಳು ಬೆಚ್ಚಿಬಿದ್ದವು. "ಶುರು ಮಾಡಿದೀಯಾ ತಾನೇ? ನನ್ನ ಮನೆ ಬಾಗಿಲವರೆಗೂ ತಂದಿದೀಯಾ. ಮುಗಿಸು. ಐನ್ ಬರೋವರೆಗೂ ಈ ಮನೇಲಿ ಒಂದು ಹುಲ್ಲುಕಡ್ಡಿನೂ ಅಲ್ಲಾಡಲ್ಲ. ಆಮೇಲೆ ನಿನ್ನ ಮನಸ್ಸು. ಹೋಗು, ವುಜೂ ಮಾಡ್ಕೊಂಡು ಬಾ."

ಹೊರಗೆ ನಿಂತವರಲ್ಲಿ ಒಬ್ಬ, ಮುದುಕಿ ಮಾತು ಏನು ಕೇಳ್ತೀಯೋ ಅಂದ. ಮುನೀಬ್ ಅವನನ್ನು ದುರುಗುಟ್ಟಿ ನೋಡಿದ. ತನ್ನ ಆಪಾಳನ್ನು ಇನ್ನೊಬ್ಬ ಮುದುಕಿ ಅನ್ನುವುದೇ! ರಾಡು ಗೋಡೆಗೆ ಒರಗಿಸಿ, ಬಾಗಿಲ ಪಕ್ಕದ ನಲ್ಲಿಯಲ್ಲಿ ಕೈ, ಬಾಯಿ, ಮುಖ, ಮೊಣಕೈ, ಕಾಲು ಎಲ್ಲ ತೊಳೆದುಕೊಂಡು ಬಂದ. ಹನಿ ತೊಟ್ಟಿಕ್ಕುತ್ತಿದ್ದ ಮುಖದಲ್ಲೇ ತನ್ನ ಹಳೆಯ ಜಾಗದಲ್ಲಿ ಕೂತ. ಆಪಾ ಪುಟ ಹುಡುಕಿ ಅವನ ಮುಂದೆ ಇಟ್ಟರು.

"ಅಧ್ಯಾಯದ ಮೊದಲಿಂದ."

ಅವನು ಶುರುಮಾಡಿದ. ತಕ್ಷಣ ಒಂದು ಪುಟಾಣಿ ಹುಡುಗಿ, "ಆಪಾ, ಬಿಸ್ಮಿಲ್ಲಾ ಹೇಳ್ಲೇ ಇಲ್ಲ!" ಎಂದು ದೂರಿತು.

"ಇದೊಂದು ಅಧ್ಯಾಯಕ್ಕೆ ಮಾತ್ರ ಬಿಸ್ಮಿಲ್ಲಾ ಇಲ್ಲಮ್ಮ. ಸುಮ್ನೆ ಕೇಳು" ಅಂದರು ಆಪಾ.

ಧ್ವನಿ ಏರಿತು. ಕೋಣೆ ತುಂಬಿತು. ಆಪಾ ನೆಟ್ಟಗೆ ಕೂತಿದ್ದರು. ಆದರೆ ಒಳಗೆ ಜೀವ ಹೌಹಾರುತ್ತಿತ್ತು. ಎಷ್ಟು ಸಲ ಓದಿದ ಪುಟ, ಎಷ್ಟು ಮಕ್ಕಳಿಂದ ಓದಿಸಿದ ಪುಟ! ಆ ಸಾಲಿನ ಮುಂದೆ ಏನಿದೆ ಎಂದು ಆಕೆಗೆ ಗೊತ್ತಿರಲಿಲ್ಲ. ಮುಂದಿನದು ಇದಕ್ಕಿಂತ ಕಠೋರವಾಗಿದ್ದರೆ? ಹಿಂದೆ ಕೂತು ನಡುಗುತ್ತಿರುವ ಹುಡುಗನನ್ನು ತಾನೇ ಕೈಯಾರೆ ಒಪ್ಪಿಸಿದ ಹಾಗೆ ಆಗುವುದಿಲ್ಲವೇ? ಯಾ ಅಲ್ಲಾ, ನನ್ನ ಅಮ್ಮ ಹೇಳಿಕೊಟ್ಟ ಕಟ್ಟುಪಾಡು, ಅದರ ಮಾನ ನೀನೇ ಉಳಿಸು ಎಂದು ಬೇಡಿಕೊಂಡರು.

ಮುನೀಬ್ ಐದನೇ ಆಯತ್ತು ಮುಗಿಸಿದ. ಆರನೆಯದು ಹಿಡಿದ. ಅರ್ಧಕ್ಕೆ ಧ್ವನಿ ತಡವರಿಸಿತು. ಎಳೆಯಬೇಕಾದ ಕಡೆ ಎಳೆಯಲಿಲ್ಲ. ಅವನ ನಾಲಿಗೆ ಹಾಗೆ ತಪ್ಪಿದ್ದನ್ನು ಆಪಾ ಎಂದೂ ಕೇಳಿರಲಿಲ್ಲ. ಕೊನೆಗೆ ಅವನ ಬೆರಳು ಅಂಚಿನ ಸಣ್ಣ ಐನ್ ಮೇಲೆ ಬಂದು ನಿಂತಿತು.

"ಈಗ ಅರ್ಥ ಹೇಳು" ಅಂದರು ಆಪಾ. ಆಪಾ ಬಾಯಲ್ಲಿ ಆ ಮಾತು ಹುಟ್ಟಿದ್ದು ಅದೇ ಮೊದಲು. "ಕನ್ನಡದಲ್ಲೇ ಹೇಳು. ನನ್ನ ಹಿಂದೆ ಕೂತವನಿಗೂ ಕೇಳಿಸ್ಲಿ."

ಮುನೀಬ್ ತಲೆ ಎತ್ತಲಿಲ್ಲ. "ಒಪ್ಪಂದ ಮುರಿದವರ ವಿಷಯ ಆಪಾ ಇದು. ಮಾತು ಉಳಿಸ್ಕೊಂಡವರ ಜತೆ ನೀವೂ ಮಾತು ಉಳಿಸ್ಕೊಳ್ಳಿ ಅಂತಿದೆ. ಮುರಿದವರಿಗೆ ಗಡುವು. ಗಡುವು ಮುಗಿದ ಮೇಲೆ… ಕಂಡಲ್ಲಿ ಕೊಲ್ಲಿ. ತಿದ್ದಿಕೊಂಡ್ರೆ ಬಿಟ್ಬಿಡಿ."

"ಆಮೇಲೆ?"

"ಆ ಜನರಲ್ಲೇ ಯಾರಾದ್ರೂ ನಿನ್ನ ಹತ್ರ ಆಸರೆ ಕೇಳ್ಕೊಂಡು ಬಂದ್ರೆ… ಆಸರೆ ಕೊಡು. ದೇವರ ಮಾತು ಅವನ ಕಿವಿಗೆ ಬೀಳಲಿ. ಆಮೇಲೆ ಅವನಿಗೆ ಭಯ ಇಲ್ಲದ ಜಾಗಕ್ಕೆ ಅವನನ್ನ ಮುಟ್ಟಿಸು. ಯಾಕಂದ್ರೆ ಅವರು ಏನೂ ಗೊತ್ತಿಲ್ಲದ ಜನ."

ಆಪಾಗೆ ಕಣ್ಣು ತುಂಬಿಬಂತು. ಆದರೆ ಖೈರಾಪಾ ಅಲ್ಲವೇ, ತೋರಿಸಿಕೊಂಡಾರೇ?

"ಕೇಳಿಸ್ತೇನೋ ಕೈಲಾಸ? ಅರ್ಧ ಬರೆದು ಊರಿಗೆಲ್ಲ ಹಂಚಿದೆಯಲ್ಲ, ಪೂರ್ತಿ ಇದು."

"ಗೊತ್ತಿರ್ಲಿಲ್ಲ ಆಪಾ" ಅಂದ ಕೈಲಾಸ್, ಕೇಳಿಯೂ ಕೇಳಿಸದ ಧ್ವನಿಯಲ್ಲಿ.

"ನಿಂಗೂ ಗೊತ್ತಿರ್ಲಿಲ್ಲ, ಇವನಿಗೂ ಗೊತ್ತಿರ್ಲಿಲ್ಲ, ನನಗೂ ಇಲ್ಲ. ಚೆನ್ನಾಗಿದೆ ನಮ್ಮ ಯೋಗ್ಯತೆ!" ಆಪಾ ಮುನೀಬ್ ಕಡೆ ತಿರುಗಿದರು. "ಬಾಗಿಲಾಚೆ ತಳ್ಳು ಅಂತಿದೆಯಾ, ಮುಟ್ಟಿಸು ಅಂತಿದೆಯಾ?"

"ಮುಟ್ಟಿಸು ಅಂತ."

ಬಾಗಿಲಲ್ಲಿದ್ದವರಲ್ಲಿ ಒಬ್ಬ ಬಾಯಿಹಾಕಿದ. "ಮುನೀಬ್, ಅದು ಆ ಕಾಲದ ಮಾತು. ಅದಕ್ಕೆ ಬೇರೆ ವಿವರಣೆ ಇದೆ. ದೊಡ್ಡೋರನ್ನ ಕೇಳ್ಬೇಕು."

ಆಪಾ ಜೋರಾಗಿ ನಕ್ಕೇಬಿಟ್ಟರು. "ಶಹಬ್ಬಾಸ್! ಐದನೇದು ಈ ಕಾಲಕ್ಕೆ, ಆರನೇದು ಆ ಕಾಲಕ್ಕಾ? ಕೊಲ್ಲೋಕೆ ಯಾರನ್ನೂ ಕೇಳ್ಬೇಕಿಲ್ಲ, ಮನೆಗೆ ಬಿಡೋಕೆ ದೊಡ್ಡೋರನ್ನ ಕೇಳ್ಬೇಕಾ?" ಆಮೇಲೆ ನಗು ನಿಲ್ಲಿಸಿ ಮುನೀಬನಿಗೆ ಮೆಲ್ಲಗೆ ಅಂದರು: "ನಾನು ನಿನ್ನಷ್ಟು ಕಲಿತೋಳಲ್ಲಪ್ಪ. ನೀನೇ ಹೇಳಿದ್ದು. ಬರೆದದ್ದು ಬರೆದ ಹಾಗೆ. ಅಕ್ಷರ ಅಕ್ಷರ."

ಮುನೀಬ್ ಬೆರಳಿಟ್ಟು ಆರನೆಯ ಆಯತ್ತನ್ನು ಮತ್ತೊಮ್ಮೆ ಓದಿಕೊಂಡ. ಅವನ ಗಲ್ಲದಿಂದ ಹನಿ ಬೀಳುತ್ತಲೇ ಇತ್ತು, ನೀರೋ ಮತ್ತೊಂದೋ ಆಪಾಗೆ ತಿಳಿಯಲಿಲ್ಲ. ಕೊನೆಗೆ ಪುಸ್ತಕ ಮುಚ್ಚಲು ಕೈ ಹಾಕಿದ.

ಆಪಾ ತಡೆದರು. "ತೆಗೆದೇ ಇರ್ಲಿ. ಹೋಗಿ ಬಂದು ಮುಚ್ಚು."

ಅವನು ಎದ್ದ. ಕೈಲಾಸನ ಮಣಿಕಟ್ಟು ಹಿಡಿದ. ಬಾಗಿಲಲ್ಲಿದ್ದವರು ಜರುಗಲಿಲ್ಲ. "ಇವನು ನನ್ನ ಆಸರೇಲಿದಾನೆ. ದಾರಿ ಬಿಡ್ರೋ" ಎಂದು ಮುನೀಬ್ ಮುಂದೆ ನಡೆದ. ರಾಡನ್ನು ಅವನು ಮುಟ್ಟಲಿಲ್ಲ, ಗೋಡೆಗೇ ಒರಗಿತ್ತು. ಒಂದಿಬ್ಬರು ಸರಿದರು. ಮಿಕ್ಕವರು ಬೈಯುತ್ತಾ ಹಿಂದೆಯೇ ಹೋದರು.

ಮಕ್ಕಳು ಏಳಲು ನೋಡಿದವು. "ಕೂತ್ಕೊಳ್ರೋ. ಪುಸ್ತಕ ತೆಗೆದಿದೆ" ಅಂದರು ಆಪಾ. ಆಕೆಗೂ ಕಿಟಕಿಗೆ ಓಡುವ ಆಸೆ. ಆದರೆ ಕಟ್ಟುಪಾಡು ಮಾಡಿದವರು ತಾವೇ, ಮುರಿಯುವುದು ಹೇಗೆ? ಬೀದಿಯ ಕೊನೆಯಲ್ಲಿ ಗದ್ದಲ ಎದ್ದಿತು, ಏನೋ ಬಿದ್ದು ಒಡೆದ ಸದ್ದು ಬಂತು, ಆಮೇಲೆ ಏನೂ ಕೇಳಿಸಲಿಲ್ಲ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡಿದ್ದಳು. ಆಪಾ ಕುಳಿತಲ್ಲೇ ಕುಳಿತು, ಎದೆಗೆ ಕೈ ಒತ್ತಿ ಹಿಡಿದಿದ್ದರು.

ಮುನೀಬ್ ಬಂದ. ಹುಬ್ಬಿನ ಮೇಲೆ ಕಲ್ಲೇಟು, ಅಂಗಿಯ ಮೇಲೆ ರಕ್ತ. ಕಲ್ಲು ಬೀಸಿದ್ದು ಹಿಂದಿನಿಂದ, ಅವನ ಜತೆಯವರೇ. ಕೈಲಾಸನಿಗೆ ಬೀಳಬೇಕಾದದ್ದಕ್ಕೆ ಇವನು ಅಡ್ಡ ಬಂದಿದ್ದ.

"ಮುಟ್ಟಿಸ್ದೆ ಆಪಾ. ಗಿರಿಜಾಂಬಾ ಅಜ್ಜಿ ಕೈಗೇ ಕೊಟ್ಟು ಬಂದೆ. ಪೊಲೀಸ್ ಜೀಪ್ ಅಲ್ಲೇ ಬಂತು."

"ಅವನೇನಂದ?"

"ಅಜ್ಜಿ ಮುಂದೇನೇ ಆ ಸ್ಟೇಟಸ್ ಅಳಿಸಿದ. ಆಮೇಲೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ."

ಆಪಾ ಸೆರಗಿನ ತುದಿ ಒದ್ದೆ ಮಾಡಿ ಅವನ ಹುಬ್ಬಿಗೆ ಒತ್ತಿ ಹಿಡಿದರು. ತನ್ನ ಚಾಪೆಯಲ್ಲಿ ಎಷ್ಟೋ ಮಕ್ಕಳು ಕೂತು ಎದ್ದುಹೋಗಿವೆ. ಒಳ್ಳೆಯ ಧ್ವನಿಯವರು, ಬಹುಮಾನ ಗೆದ್ದವರು, ಮಸೀದಿಯಲ್ಲಿ ಮುಂದೆ ನಿಂತು ನಮಾಜು ಓದಿಸುವವರು. ಅವರೆಲ್ಲರ ಮೇಲೆ ಪಟ್ಟ ಹೆಮ್ಮೆಯನ್ನು ಒಟ್ಟಿಗೆ ಕೂಡಿಸಿದರೂ ಈ ಹುಡುಗನ ಮೇಲೆ ಈಗ ಉಕ್ಕಿಬರುತ್ತಿರುವುದಕ್ಕೆ ಸಾಟಿಯಾಗದು ಅನ್ನಿಸಿತು.

"ಆಪಾ, ಕಾಲು ಜೋಮು ಹಿಡೀತು" ಎಂದು ಆ ಪುಟಾಣಿ ಹುಡುಗಿ ಗೋಳಾಡಿತು. "ಇನ್ನೂ ಐನ್ ಬಂದಿಲ್ವಾ?"

ಆಪಾ ಮುನೀಬನ ಮುಖ ನೋಡಿದರು. "ಕೇಳ್ತಿದಾಳಲ್ಲ. ಹೇಳೋ, ಐನ್ ಬಂತಾ?"

"ಈಗ ಬಂತು ಆಪಾ" ಎಂದು ಮುನೀಬ್ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಮುಚ್ಚಿದ.

"ಹಾಗಾದ್ರೆ ಏಳ್ರೋ ಎಲ್ಲಾ" ಅಂದರು ಖೈರಾಪಾ.