ನಡುವಿನ ಮಂಚದ ಬೊಲಿವಿಯಾ

ಮೂಳೆ ಮುರಿದುಕೊಂಡ ಮಕ್ಕಳ ವಾರ್ಡಿಗೆ ಪಾಠ ಹೇಳಲು ಬರುತ್ತಿದ್ದ ಟೀಚರಿಗೆ ವಾರವೆಲ್ಲ ಮಾತೋ ಮಾತು. ಭಾನುವಾರ ಬಂತೆಂದರೆ ಬಾಯಿಗೆ ಬೀಗ. ಅಕ್ಕ ಜೊತೆಗಿದ್ದಾಗ ಹೀಗಿರಲಿಲ್ಲ. ಮದುವೆಯ ಯೋಚನೆಯನ್ನೇ ಬಿಟ್ಟು ಇಬ್ಬರೂ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಜಗಳವಾಡಿಕೊಂಡು ಹಾಯಾಗಿದ್ದರು. ತಲೆ ನರೆತ ಮೇಲೆ ಅಕ್ಕನಿಗೆ ಗಡಿಯಾರ ರಿಪೇರಿಯವರೊಬ್ಬರು ಇಷ್ಟವಾದರು; ಅವರನ್ನು ಮದುವೆಯಾಗಿ ಅವಳು ಬೇರೆ ಊರಿಗೆ ಹೊರಟುಹೋದಳು. ಟೀಚರ್ ನಗುನಗುತ್ತಲೇ ಕಳಿಸಿಕೊಟ್ಟಳು. ಆಮೇಲೊಂದು ಸೋಮವಾರ ಬಸ್ಸಿನಲ್ಲಿ ಟಿಕೆಟ್ ಕೇಳಲು ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ. ಕಂಡಕ್ಟರ್, "ಯಾಕಮ್ಮಾ, ಹುಷಾರಿಲ್ವಾ?" ಎಂದ. ಶನಿವಾರ ಸಂಜೆಯಿಂದ ತಾನು ಯಾರೊಡನೆಯೂ ಮಾತಾಡಿಲ್ಲವೆಂಬುದು ಆಗ ಅವಳಿಗೆ ಹೊಳೆಯಿತು.

ಆ ಸಲ ದಕ್ಷಿಣ ಅಮೆರಿಕದ ಪಾಠವಿತ್ತು. ಗೋಡೆಗೆ ನಕ್ಷೆ ತೂಗುಹಾಕಿದರೆ ಅರ್ಧ ಮಕ್ಕಳಿಗೆ ಕತ್ತು ಹೊರಳಿಸಲು ಆಗುತ್ತಿರಲಿಲ್ಲ. ಕೊನೆಗೆ ಟೀಚರ್ ವಾರ್ಡನ್ನೇ ಖಂಡ ಮಾಡಿಬಿಟ್ಟಳು. ಎರಡು ಬದಿಯ ಕಿಟಕಿಗಳಾಚೆ ಎರಡು ಮಹಾಸಾಗರ, ಒಂದೊಂದು ಮಂಚ ಒಂದೊಂದು ದೇಶ, ನೆಲದ ಉದ್ದನೆಯ ಬಿರುಕು ಅಮೆಜಾನ್ ನದಿ. ಉದ್ದಕ್ಕೆ, ಸಣ್ಣಗೆ, ದಾರದ ಹಾಗಿರುವ ಚಿಲಿ ಬಂದದ್ದು ವಾರ್ಡಿನಲ್ಲೇ ದಪ್ಪಗಿದ್ದ ಗುಂಡನ ಪಾಲಿಗೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಪ್ಲಾಸ್ಟರು ಅಲುಗಿ ನೋವಾದರೂ ನಕ್ಕರು.

ನಗದವಳು ಒಬ್ಬಳೇ. ಜಾಗವಿಲ್ಲದೆ ವಾರ್ಡಿನ ನಟ್ಟನಡುವೆ ಹಾಕಿದ್ದ ಮಂಚದ ಹುಡುಗಿ. ಮುಟ್ಟಿದರೆ ಸಾಕು ಸಿಡಿಯುತ್ತಿದ್ದಳೆಂದು ನರ್ಸ್‌ಗಳು ಅವಳಿಗೆ ಸಿಡುಕಿ ಎಂದೇ ಹೆಸರಿಟ್ಟಿದ್ದರು. ತೊಡೆಯ ಮೂಳೆ ಮುರಿದಿತ್ತು. ತಾಯಿ ದೂರದ ಊರಿನಲ್ಲಿ ಹಸಿ ಬಾಣಂತಿ. ತಂದೆ ಲಾರಿ ಡ್ರೈವರ್, ಈ ದಾರಿಯಲ್ಲಿ ಸರಕು ಬಂದರೆ ಮಾತ್ರ ಅವರ ಮುಖ ಕಾಣಬೇಕು. ಬೇರೆ ಮಕ್ಕಳ ಮನೆಯವರು ಬರುವ ಹೊತ್ತಿಗೆ ಸಿಡುಕಿ ಕಣ್ಣು ಮುಚ್ಚಿ ನಿದ್ದೆಯ ಸೋಗು ಹಾಕುತ್ತಿದ್ದಳು. ಟೀಚರಿಗೆ ಅದು ಸೋಗೆಂದು ಗೊತ್ತಿತ್ತು.

"ನೀನು ಬೊಲಿವಿಯಾ," ಎಂದಳು ಟೀಚರ್.

"ನಂಗೆ ಸಮುದ್ರ ಎಲ್ಲಿ?"

"ನಿಂಗಿಲ್ಲ. ಸುತ್ತ ಬರೀ ಬೇರೆ ದೇಶಗಳು. ಹಿಂದೆ ಇತ್ತು, ಒಂದು ಯುದ್ಧದಲ್ಲಿ ಚಿಲಿ ಕಿತ್ಕೊಳ್ತು."

ಹೇಳಿ ಮುಗಿಸುವಷ್ಟರಲ್ಲಿ ಪ್ಲಾಸ್ಟಿಕ್ ಲೋಟವೊಂದು ನೀರಿನ ಸಮೇತ ಹಾರಿಹೋಗಿ ಗುಂಡನ ಎದೆಗೆ ಬಡಿಯಿತು. "ನಾನೇನ್ ಮಾಡ್ದೆ?" ಎಂದು ಗುಂಡ ಗೋಳಿಟ್ಟ. ಹಿರಿಯ ನರ್ಸ್ ಓಡಿಬಂದು, "ಏನ್ ಟೀಚರ್, ಪಾಠ ಹೇಳ್ತೀರೋ, ಹೊಡೆದಾಟ ಕಲಿಸ್ತೀರೋ?" ಎಂದು ಎಲ್ಲರೆದುರೇ ತರಾಟೆಗೆ ತೆಗೆದುಕೊಂಡರು.

ಗುಂಡನ ಹಾಸಿಗೆ ಬದಲಾಯಿಸಿದ ಮೇಲೆ ಟೀಚರ್ ನಡುವಿನ ಮಂಚದ ಬಳಿ ಸ್ಟೂಲು ಎಳೆದುಕೊಂಡಳು. "ಪೂರ್ತಿ ಕೇಳು. ಸಮುದ್ರ ಹೋದ್ರೂ ಬೊಲಿವಿಯಾದವರು ನೌಕಾಪಡೆ ಬಿಡಲಿಲ್ಲ. ಇವತ್ತಿಗೂ ಇಟ್ಕೊಂಡಿದ್ದಾರೆ."

"ಸಮುದ್ರ ಇಲ್ದೆ ಹಡಗು ಎಲ್ಲಿ ಬಿಡ್ತಾರೆ?"

"ಬೆಟ್ಟದ ಮೇಲೊಂದು ದೊಡ್ಡ ಸರೋವರ ಇದೆ, ಅಲ್ಲಿ ಅಭ್ಯಾಸ ಮಾಡ್ತಾರೆ. ಆ ದಂಡೆಯ ಜನ ಜೊಂಡು ಹುಲ್ಲಲ್ಲೇ ದೋಣಿ ಕಟ್ತಾರೆ. ಹೆಂಗಸರು ದುಂಡನೆ ಟೋಪಿ ಇಟ್ಕೊಂಡು ಮಾರ್ಕೆಟ್‌ಗೆ ಹೋಗ್ತಾರೆ."

"ಅವರಿಗೆ ಹುಚ್ಚಾ? ನೌಕಾಪಡೆ ಯಾಕೆ ಬೇಕು?"

"ಇವತ್ತಲ್ಲ ನಾಳೆ ಸಮುದ್ರ ಸಿಗುತ್ತೆ ಅಂತ."

ಗೋಡೆಯ ಕಡೆ ತಿರುಗೋಣವೆಂದರೆ ಸಿಡುಕಿಯ ಮಂಚಕ್ಕೆ ಗೋಡೆಯೂ ಇರಲಿಲ್ಲ. ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು.

ಆಮೇಲೆ ದೇಶಗಳು ಒಂದೊಂದಾಗಿ ಖಾಲಿಯಾದವು. ಪೆರು ಊರುಗೋಲಿನಲ್ಲಿ ಹೋಯಿತು, ಬ್ರೆಜಿಲ್ ಅಜ್ಜನ ಹೆಗಲೇರಿ ಹೋಯಿತು. ಗುಂಡನೂ ಹೊರಟಾಗ, "ಸಮುದ್ರ ನೀನೇ ಇಟ್ಕೋ," ಎಂದು ಕಿಟಕಿ ತೋರಿಸಿದ. ಆಯಾ ಸಿಡುಕಿಯ ಮಂಚವನ್ನು ಅಲ್ಲಿಗೆ ದಬ್ಬಿದಳು.

"ಈಗ ನೀನು ಚಿಲಿ," ಎಂದಳು ಟೀಚರ್.

"ಚಿಲಿಯಂತೆ! ನಾನು ಬೊಲಿವಿಯಾನೇ. ನನ್ನ ಸಮುದ್ರ ವಾಪಸ್ ಬಂತು ಅಷ್ಟೆ."

ಕಿಟಕಿಯಾಚೆ ಇದ್ದದ್ದು ಒಣಹಾಕಿದ ಬಿಳಿ ಹಾಸುಗಳು, ನೀರಿನ ಟ್ಯಾಂಕು, ಗೇಟು, ಗೇಟಿನಾಚೆ ಲಾರಿಗಳು ಓಡಾಡುವ ರಸ್ತೆ. ಸಿಡುಕಿ ಬೆಳಗಿನಿಂದ ಸಂಜೆಯವರೆಗೆ ಅತ್ತಲೇ ಕಣ್ಣು ನೆಟ್ಟಿರುತ್ತಿದ್ದಳು. ಒಂದು ದಿನ, "ಈ ಸಮುದ್ರದಲ್ಲಿ ಏನೂ ಬರಲ್ಲ ಟೀಚರ್," ಎಂದಳು.

ಅಷ್ಟರಲ್ಲಿ ರಜೆ ಶುರುವಾಯಿತು. ರಜೆಯ ಮೊದಲ ದಿನ ಟೀಚರ್ ಮನೆ ಗುಡಿಸಿದಳು, ಒರೆಸಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಮರುದಿನ ಹಳೆಯ ಪತ್ರಿಕೆಗಳ ಕಟ್ಟು, ದಾರದುಂಡೆ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಸಿಡುಕಿ ಹುಬ್ಬೇರಿಸಿದಳು. "ರಜಾ ಅಲ್ವಾ? ನಿಮಗೆ ಮನೆ ಇಲ್ವಾ?"

"ಮನೆ ಇದೆ. ಮನೇಲಿ ಯಾರೂ ಇಲ್ಲ."

"ಓ," ಎಂದ ಹುಡುಗಿ ಕಾಲು ನೋಯದ ಕಡೆಗೆ ತುಸು ಸರಿದು, ಮಂಚದ ಅಂಚಿನಲ್ಲಿ ಜಾಗ ಮಾಡಿಕೊಟ್ಟಳು. ಪತ್ರಿಕೆಯ ಹಾಳೆಗಳನ್ನು ಸುರುಳಿ ಸುತ್ತಿ, ದಾರ ಬಿಗಿದು ಇಬ್ಬರೂ ಜೊಂಡಿನ ದೋಣಿ ಕಟ್ಟತೊಡಗಿದರು. ಮೊದಲನೆಯದು ದೋಣಿಗಿಂತ ಸೋರೆಕಾಯಿಯನ್ನೇ ಹೆಚ್ಚು ಹೋಲುತ್ತಿತ್ತು. ಸಿಡುಕಿ ನಕ್ಕದ್ದನ್ನು ಟೀಚರ್ ಮೊದಲ ಬಾರಿ ಕಂಡದ್ದು ಆಗಲೇ. ರಜೆಯುದ್ದಕ್ಕೂ ಹೀಗೇ ನಡೆಯಿತು. ಹುಡುಗಿಯ ಮೂಳೆ ಕೂಡಿಕೊಂಡಿತು, ಊರುಗೋಲು ಬಂತು.

ರಜೆ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ, ನಿದ್ದೆಗೆಟ್ಟು ಕೆಂಪಾದ ಕಣ್ಣುಗಳ ಗಂಡಸೊಬ್ಬರು ಬಾಗಿಲಲ್ಲಿ ನಿಂತರು. "ಅಪ್ಪಾ!" ಎಂದು ಸಿಡುಕಿ ಕೂಗಿದ್ದಕ್ಕೆ ಪಕ್ಕದ ವಾರ್ಡಿನವರೂ ಇಣುಕಿದರು. ಅಪ್ಪನ ಕಣ್ಣು ತುಂಬಿತು. ಮಗಳು ಮಾತ್ರ ಅವರನ್ನು ಮಂಚದಿಂದ ಮಂಚಕ್ಕೆ ಕರೆದೊಯ್ದಳು.

"ಇದು ಪೆರು, ಬೆಟ್ಟದ ತುದೀಲಿ ಕಲ್ಲಿನ ಊರಿದೆ. ಇದು ಬ್ರೆಜಿಲ್. ಅಯ್ಯೋ ಅಪ್ಪಾ, ತುಳೀಬೇಡ, ಅದು ನದಿ!"

ಅಷ್ಟು ದೊಡ್ಡ ಮನುಷ್ಯ ಗಕ್ಕನೆ ಕಾಲೆತ್ತಿ, ಬಿರುಕನ್ನು ಹುಷಾರಾಗಿ ದಾಟಿದರು.

ಡಿಸ್ಚಾರ್ಜ್ ಆಯಿತು. ತಂದೆ, "ಬರ್ತೀವಿ ಮೇಡಂ," ಎಂದರು. ಸಿಡುಕಿ ತಮ್ಮನ ಬಣ್ಣ ಹೇಗಿದೆ, ಅವನಿಗೆ ಕೂದಲಿದೆಯಾ ಎಂದು ಕೇಳುತ್ತ, ಟಕ್ ಟಕ್ ಎಂದು ಊರುಗೋಲು ಊರುತ್ತ ಹೊರಟೇಹೋದಳು. ಹಿಂತಿರುಗಿ ನೋಡಲಿಲ್ಲ.

"ನೋಡಿ, ಒಂದು ಮಾತೂ ಹೇಳ್ದೆ ಹೋದ್ಲು," ಎಂದರು ಹಿರಿಯ ನರ್ಸ್.

"ಹೋಗ್ಲಿ ಬಿಡಿ ಸಿಸ್ಟರ್. ಎಷ್ಟು ದಿನದ ಮೇಲೆ ಅಪ್ಪ ಸಿಕ್ಕಿದ್ದಾರೆ," ಎಂದ ಟೀಚರ್ ಕೈತೊಳೆಯುವ ಕಡೆ ಹೋಗಿ, ನಲ್ಲಿ ತಿರುಗಿಸಿ, ಮುಖಕ್ಕೆ ನೀರು ಹಾಕಿಕೊಳ್ಳುತ್ತ ಬಹಳ ಹೊತ್ತು ನಿಂತಳು. ಖುಷಿಯೂ ಆಗಿತ್ತು. ಎದೆಯಿಂದ ಏನನ್ನೋ ಕಿತ್ತುಕೊಂಡು ಹೋದ ಹಾಗೂ ಆಗಿತ್ತು.

ತಿರುಗಿ ಬಂದಾಗ ಬಾಗಿಲ ಪಕ್ಕದ ಮಂಚದ ಮೇಲೆ ಹೊಸದಾಗಿ ತಂದ ಮಗುವೊಂದು ಔಷಧದ ಮತ್ತಿನಲ್ಲಿ ಮಲಗಿತ್ತು. ಕೈಗೆ ಪ್ಲಾಸ್ಟರು, ಕೆನ್ನೆಯ ಮೇಲೆ ಒಣಗಿದ ಕಣ್ಣೀರು. ಅದರ ತಾಯಿ ಕಾಗದಪತ್ರಕ್ಕೆಂದು ಕೆಳಗೆ ಹೋಗಿದ್ದಳು. ಟೀಚರ್ ಸ್ಟೂಲು ಸದ್ದಾಗದಂತೆ ಎಳೆದುಕೊಂಡು ಕೂತಳು. ಮಗು ಎದ್ದಾಗ ಯಾರಾದರೂ ಪಕ್ಕದಲ್ಲಿರಲಿ ಎನ್ನಿಸಿತು. ಅವಳಿಗೂ ಮನೆಗೆ ಹೋಗುವ ಅವಸರವೇನೂ ಇರಲಿಲ್ಲ.