ಮುನಿಗಂಗಪ್ಪನ ಪ್ರಶ್ನೆಗಳು

ಬಾಕ್ಸರ್ ಮುನಿಗಂಗಪ್ಪನ ಮಗಳು ಅಂದರೆ ಚಿಂತಾಮಣಿಯ ಹೋಟೆಲುಗಳಲ್ಲಿ ಇವತ್ತಿಗೂ ಗಲ್ಲಾದ ಮೇಲಿರುವವನು ಎದ್ದು ಮಾತಾಡಿಸುತ್ತಾನೆ. ಅಪ್ಪ ಹೋಗಿ ಆರು ವರ್ಷವಾಯಿತು. ಸೈನ್ಯದಲ್ಲಿದ್ದಾಗ ಗೆದ್ದ ಪದಕಗಳು ಬೀರುವಿನಲ್ಲಿ ಕಪ್ಪಾಗುತ್ತಿವೆ. ಪದಕಗಳಿಗಿಂತ ದೊಡ್ಡದು ಅವನು ನಮ್ಮ ಕೇರಿಗೆ ಕೊಟ್ಟ ಧೈರ್ಯ. ನಮ್ಮ ತಾತಂದಿರು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದ ಬೀದಿಯಲ್ಲಿ ನಮ್ಮ ಹುಡುಗರು ಬೂಟು ಹಾಕಿಕೊಂಡು ಅವನ ಹಿಂದೆ ಓಡಿದರು. ಅದಕ್ಕೇ ಅವನು ಬಾಕ್ಸಿಂಗ್ ಕಲಿಸುತ್ತಿದ್ದ ತರಬೇತಿ ಕೊಠಡಿಯಲ್ಲಿ ಅವನ ಫೋಟೋ ಬುದ್ಧ, ಅಂಬೇಡ್ಕರರ ಪಕ್ಕದಲ್ಲಿದೆ. ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೂತು ಬಾಯಿ ಜೋರು ಮಾಡಿಕೊಂಡವಳು. ಆ ಫೋಟೋದ ಮುಂದೆ ಮಾತ್ರ ನನಗೂ ಮಾತು ಹೊರಡುವುದಿಲ್ಲ.

ಅಪ್ಪ ಬಿಟ್ಟುಹೋದದ್ದು ಇನ್ನೊಂದಿದೆ. ಸೈನ್ಯದಲ್ಲಿ ಅವನ ಜೊತೆಗಾರನೊಬ್ಬ ತಲೆಗೆ ಏಟು ಬಿದ್ದ ಮೇಲೂ ನಗುನಗುತ್ತ ಎದ್ದು ಮತ್ತೊಂದು ಸುತ್ತು ಆಡಿದನಂತೆ. ಆಮೇಲೆ ಮಲಗಿದವನು ಏಳಲೇ ಇಲ್ಲ. ಅಂದಿನಿಂದ ಯಾವ ಹುಡುಗನ ತಲೆಗೆ ಏಟು ಬಿದ್ದರೂ ಅಪ್ಪ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕೇಳುತ್ತಿದ್ದ: ಯಾವೂರು? ಅಮ್ಮನ ಹೆಸರೇನು? ಇವತ್ತು ಯಾವ ವಾರ? ಒಂದು ಉತ್ತರ ತಪ್ಪಿದರೂ ಗ್ಲೌಸ್ ಬಿಚ್ಚಿಸಿ ಮನೆಗೆ ಕಳಿಸಿಬಿಡುತ್ತಿದ್ದ. ಅವನ ಶಿಷ್ಯರು ಶಿಡ್ಲಘಟ್ಟದಲ್ಲಿ, ಗೌರಿಬಿದನೂರಿನಲ್ಲಿ ಕ್ಲಬ್ ತೆರೆದಾಗ ಈ ಪ್ರಶ್ನೆಗಳನ್ನೂ ಜೊತೆಗೆ ಒಯ್ದರು. ಈಗ ಚಿಂತಾಮಣಿಯಲ್ಲಿ ಕೋಚ್ ಆಗಿರುವವನು ನನ್ನ ತಮ್ಮ ಭಾನುಪ್ರಕಾಶ್. ಅವನು ಆ ಪ್ರಶ್ನೆಗಳನ್ನು ತರಬೇತಿ ಕೊಠಡಿಯ ಗೋಡೆಯ ಮೇಲೆ ದೊಡ್ಡ ನೀಲಿ ಅಕ್ಷರದಲ್ಲಿ ಬರೆಸಿದ. ಬಂದವರೆಲ್ಲ ಗೋಡೆಗೆ ಕೈಮುಗಿದರು. ನಾನೂ ಮುಗಿದೆ.

ಲಾವಣ್ಯ ನನ್ನ ಒಬ್ಬಳೇ ಮಗಳು, ಕಾಲೇಜು ಓದುತ್ತಾಳೆ. ಹಠದಲ್ಲಿ ಥೇಟ್ ತಾತ. ಅಪ್ಪನ ಹೆಸರಿನ ಟೂರ್ನಿಗೆ ಎರಡು ವಾರವಿದ್ದಾಗ ಅಭ್ಯಾಸದಲ್ಲಿ ಕಿವಿಯ ಮೇಲ್ಗಡೆ ಏಟು ತಿಂದು ಬಂದಳು. ಏನೂ ಆಗಿಲ್ಲ ಅಂದಳು. ಮಾರನೆಯ ಬೆಳಿಗ್ಗೆ ಕಾಫಿಯನ್ನು ಲೋಟದ ಪಕ್ಕಕ್ಕೆ ಬಗ್ಗಿಸಿದಳು. ಕೈ ಜಾರಿತು ಅಂದಳು, ಅದನ್ನೂ ನಂಬಿದೆ. ಆದರೆ ಅದೇ ವಾರ ಒಂದು ದಿನ ಬೂಟು ಕಟ್ಟಿಕೊಂಡು ಹೊರಟವಳು ಕ್ಯಾಲೆಂಡರಿನ ಮುಂದೆ ನಿಂತು ಗುನುಗುತ್ತಿದ್ದಳು. ಚಿಂತಾಮಣಿ, ಯಶೋಧರಾ, ಗುರುವಾರ. ಚಿಂತಾಮಣಿ, ಯಶೋಧರಾ, ಗುರುವಾರ.

ಏನೇ ಅದು, ನನ್ನ ಹೆಸರು ಯಾಕೆ ಜಪ ಮಾಡ್ತೀಯ ಎಂದು ಕೇಳಿದೆ.

"ಅಲ್ಲಿ ಕೇಳ್ತಾರಲ್ಲಮ್ಮ. ಎಲ್ರೂ ಬಾಯಿಪಾಠ ಮಾಡ್ಕೊಂಡೇ ಹೋಗೋದು," ಅಂದಳು, ತಲೆಯನ್ನೂ ತಿರುಗಿಸದೆ.

ಗೋಡೆಯ ಮೇಲೆ ಪ್ರಶ್ನೆಪತ್ರಿಕೆ ಬರೆದಿಟ್ಟು ಪರೀಕ್ಷೆ ಮಾಡುವ ಪೆದ್ದರನ್ನು ಎಲ್ಲಿಯಾದರೂ ಕಂಡಿದ್ದೀರಾ? ಆ ಪೆದ್ದರು ನಾವೇ. ಅವತ್ತಿನಿಂದ ಅವಳು ನಿದ್ದೆ ಮಾಡುವಾಗ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಹೋಗಿ ಹೋಗಿ ನೋಡುವುದೇ ನನ್ನ ಕೆಲಸವಾಯಿತು. ಡಾಕ್ಟರ ಹತ್ತಿರ ಹೋಗೋಣವೆಂದರೆ, ಡಾಕ್ಟರು ಆಡಬೇಡ ಅಂದರೆ ಏನು ಮಾಡಲಿ ಎಂದು ಜಗಳಕ್ಕೇ ನಿಂತಳು. ಗಂಡ ಮಧುಸೂದನ್ ಬಸ್ ಕಂಡಕ್ಟರ್, ಮನೆಯಲ್ಲಿರುವುದೇ ಕಡಿಮೆ. ನೀನು ಸುಮ್ಮನೆ ಹೆದರುತ್ತೀಯ ಎಂದು ಹೇಳಿ ಡ್ಯೂಟಿಗೆ ಹೋದ. ತಮ್ಮನ ಹತ್ತಿರ ಹೋದೆ. ಅಪ್ಪ ಹಾಕಿಕೊಟ್ಟ ದಾರಿ ಅಕ್ಕ, ಇವತ್ತಿನವರೆಗೂ ಒಂದು ಮಗುವಿಗೂ ತೊಂದರೆ ಆಗಿಲ್ಲ ಅಂದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗೇಲಿಯನ್ನೂ ಮಾಡಿದ. ಅಪ್ಪನ ಹೆಸರು ಬಂದ ಕೂಡಲೇ ವಾದ ಬಿಟ್ಟು ಮನೆಗೆ ಬಂದೆ.

ಭಾನುವಾರ ಗೌರಿಬಿದನೂರಿನ ಒಂದು ಕಲ್ಯಾಣ ಮಂಟಪದಲ್ಲಿ ರಿಂಗ್ ಕಟ್ಟಿದ್ದರು. ವೇದಿಕೆಯ ಮೇಲೆ ಅಪ್ಪನ ಫೋಟೋಗೆ ಆಳೆತ್ತರದ ಹಾರ. ಲಾವಣ್ಯಳ ಎದುರಾಳಿ ಶಿಡ್ಲಘಟ್ಟದ ಹುಡುಗಿ, ಗಟ್ಟಿಗಿತ್ತಿ. ನಾನು ಹಗ್ಗಕ್ಕೆ ಹತ್ತಿರವಾಗಿ ನೆಲದ ಮೇಲೆಯೇ ಕೂತೆ. ಮೊದಲ ಸುತ್ತು ನಮ್ಮವಳದು. ಎರಡನೆಯ ಸುತ್ತಿನ ಕೊನೆಗೆ ಆ ಹುಡುಗಿಯ ಬಲಗೈ ಬೀಸಿ ಬಂದದ್ದು ಕಂಡಿತು, ಸದ್ದು ಕೇಳಿತು. ಲಾವಣ್ಯ ಒಂದು ಮಂಡಿಯೂರಿದಳು. ಹಿಂದಿನಿಂದ ಯಾರೋ ತೆಲುಗಿನಲ್ಲಿ ಕೊಟ್ಟು, ಕೊಟ್ಟು, ಹೊಡಿ ಹೊಡಿ ಎಂದು ಕಿರುಚುತ್ತಿದ್ದರು. ರೆಫರಿ ಎಂಟರವರೆಗೆ ಎಣಿಸಿದ. ಅವಳು ಎದ್ದು ಕೈ ಎತ್ತಿದಳು. ಗಂಟೆ ಹೊಡೆಯಿತು.

ಅವಳು ಸ್ಟೂಲಿನ ಮೇಲೆ ಕೂತಳು. ಭಾನು ಮುಖಕ್ಕೆ ನೀರು ಹಾಕಿ, ಯಾವೂರಮ್ಮ ಎಂದು ಕೇಳಿ ಇನ್ನೂ ಬಾಯಿ ಮುಚ್ಚಿರಲಿಲ್ಲ, ಮೂರೂ ಉತ್ತರ ಒಂದರ ಹಿಂದೊಂದು ಉದುರಿದವು. ಅವನು ಬೆನ್ನು ತಟ್ಟಿದ. ಡಾಕ್ಟರು ಆಚೆ ಬದಿಯಲ್ಲಿ ಇನ್ನೊಬ್ಬನ ಮೂಗಿನ ರಕ್ತ ಒರೆಸುತ್ತಿದ್ದರು.

ನಾನು ಎದ್ದು ಹಗ್ಗದ ಸಂದಿಯಲ್ಲಿ ಮುಖ ತೂರಿಸಿದೆ. "ಲಾವಣ್ಯ, ಬೆಳಗ್ಗೆ ಬಸ್ಸಲ್ಲಿ ಏನ್ ತಿಂದೆ ಕಣೇ?"

ಅವಳು ನನ್ನ ಕಡೆ ತಿರುಗಿದಳು. ಬಹಳ ಮರ್ಯಾದೆಯಿಂದ ಹೇಳಿದಳು:

"ಚಿಂತಾಮಣಿ. ಅಮ್ಮನ ಹೆಸರು ಯಶೋಧರಾ. ಭಾನುವಾರ, ಮೇಡಂ."

ಹೆತ್ತ ಮಗಳು ನನಗೇ ನನ್ನ ಹೆಸರು ಹೇಳಿದಳು. ಕೌಂಟರಿನಾಚೆಯಿಂದ ವಿಳಾಸ ಹೇಳುವವರ ದನಿಯಲ್ಲಿ ಹೇಳಿದಳು. ನಿಲ್ಲಿಸೋ ಎಂದು ತಮ್ಮನಿಗೆ ಹೇಳಿದೆ. ಗದ್ದಲದಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ, ಆಗಲೇ ಸ್ಟೂಲು ತೆಗೆದಿದ್ದ. ಗಂಟೆ ಹೊಡೆಯಿತು, ಅವಳು ಎದ್ದಳು. ಹೊರಗಿನವರು ಯಾರಾದರೂ ರಿಂಗಿನೊಳಗೆ ಕಾಲಿಟ್ಟರೆ ಅವರ ಕಡೆಯವರು ಸೋತಂತೆ ಎಂಬುದು ಬಾಕ್ಸರನ ಮಗಳಾದ ನನಗೆ ಗೊತ್ತಿತ್ತು. ಸೀರೆ ಎತ್ತಿ ಕಟ್ಟಿ ಹಗ್ಗದೊಳಗೆ ನುಗ್ಗಿದೆ, ಹೋಗಿ ಅವಳನ್ನು ತಬ್ಬಿಕೊಂಡು ನಿಂತೆ.

ಮಂಟಪವೆಲ್ಲ ಹುಯ್ಯೆಂದಿತು. ರೆಫರಿ ಎದುರಾಳಿಯ ಕೈ ಎತ್ತಿದ. ಭಾನುವಿನ ಮುಖ ಕೆಂಪಗಾಗಿತ್ತು. ಅಪ್ಪನ ಹೆಸರಿನ ಟೂರ್ನಿ ಅಕ್ಕ, ಅವನ ಫೋಟೋ ಮುಂದೆಯೇ ಮಾನ ಕಳೆದೆಯಲ್ಲ ಅಂದ.

"ಅಪ್ಪ ಇದ್ದಿದ್ರೆ ಅವಳ ಕಣ್ಣು ನೋಡಿರ್ತಿದ್ದ ಕಣೋ. ನೋಡು ನೀನೂ."

ನೋಡಿದ. ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು. ಡಾಕ್ಟರೇ ಎಂದು ಕೂಗಿದ. ಡಾಕ್ಟರು ಓಡಿಬಂದು ನೋಡಿ, ಒಂದು ನಿಮಿಷ ತಡಮಾಡಬೇಡಿ, ಬೆಂಗಳೂರಿಗೇ ಹೊರಡಿ ಅಂದರು. ಅವಳನ್ನು ಆಂಬ್ಯುಲೆನ್ಸಿನಲ್ಲಿ ಮಲಗಿಸಿದರು. ನಾನು ಕೈ ಹಿಡಿದು ಕೂತೆ, ಭಾನು ಕಾಲ ಹತ್ತಿರ ಕೂತ.

ತೊಂಡೇಬಾವಿ ದಾಟುವಾಗ ವಾಂತಿ ಮಾಡಿಕೊಂಡಳು. ಕಣ್ಣು ಮುಚ್ಚತೊಡಗಿತು. ಮಾತಾಡಿಸುತ್ತಲೇ ಇರಿ, ನಿದ್ದೆಗೆ ಬಿಡಬೇಡಿ ಎಂದರು ಜೊತೆಗಿದ್ದ ನರ್ಸಮ್ಮ. ಏನು ಮಾತಾಡಿಸುವುದು? ಭಾನುವಿಗೆ ಗೊತ್ತಿದ್ದದ್ದು ಒಂದೇ. ಯಾವೂರಮ್ಮ, ಅಮ್ಮನ ಹೆಸರೇನು, ಇವತ್ತು ಯಾವ ವಾರ ಎಂದು ಅಳುತ್ತ ಕೇಳಿದ. ಮೂರೂ ಹೇಳಿದಳು. ಇನ್ನಷ್ಟು ದೂರ ಹೋದ ಮೇಲೆ ಕೇಳಿದಾಗ ವಾರ ಹೇಳಲಿಲ್ಲ. ಗೋಡೆಯ ಮೇಲಿನ ಆ ಮಾತುಗಳನ್ನು ಅಷ್ಟು ದಿನ ಶಪಿಸಿದವಳು ನಾನು. ಈಗ ಆ ಭಾನುವಾರ ಎಂಬ ಒಂದು ಪದಕ್ಕಾಗಿ ಅವಳ ತುಟಿಯನ್ನೇ ನೋಡುತ್ತ ಕೂತಿದ್ದೆ. ಅದು ಬರಲಿಲ್ಲ. ದೊಡ್ಡಬಳ್ಳಾಪುರದ ಹತ್ತಿರ ಊರೂ ಹೋಯಿತು. ಭಾನು ಮುಖ ಮುಚ್ಚಿಕೊಂಡ. ಇನ್ನು ಕೇಳುವುದು ಅವನಿಂದ ಆಗಲಿಲ್ಲ.

ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನಾನೇ ಕೇಳಿದೆ.

"ಅಮ್ಮನ ಹೆಸರೇನಮ್ಮ?"

"ಯಶೋಧರಾ," ಅಂದಳು.

ಮತ್ತೆ ಕೇಳಿದೆ. ಹೇಳಿದಳು. ಹೊರಗೆ ಸೈರನ್ ಕೂಗುತ್ತಿತ್ತು, ಲಾರಿಗಳು ಪಕ್ಕಕ್ಕೆ ಸರಿಯುತ್ತಿದ್ದವು, ನಾನು ಕೇಳುತ್ತಲೇ ಹೋದೆ. ಒಂದು ಉತ್ತರದಿಂದ ಇನ್ನೊಂದು ಉತ್ತರದವರೆಗೆ ಅಷ್ಟೇ ನನ್ನ ಜೀವ. ಯಲಹಂಕದ ಸೇತುವೆ ಹತ್ತುವಾಗ ಉತ್ತರ ಬರುವುದು ತಡವಾಯಿತು. ನಾನು ಮತ್ತೆ ಕೇಳಿದೆ.