ಚೌಕಳಿ ದಾಟಿದ ಗೆರೆ

ಅವಳು ಕೀಬೋರ್ಡಿನ ಬಾಣದ ಗುಂಡಿ ಒತ್ತುತ್ತ ವಿಡಿಯೊವನ್ನು ಒಂದೊಂದೇ ಚಿತ್ರವಾಗಿ ಹಿಂದಕ್ಕೆ ಸರಿಸುತ್ತಿದ್ದಳು. ಶಾಲೆಯೊಂದರ ನೀರಿನ ಟ್ಯಾಂಕಿನ ಗೋಡೆ. ಬೂದು, ಅದರ ಮೇಲೆ ಇನ್ನೊಂದಿಷ್ಟು ಬೂದು. ಬಿರುಕು ಹುಡುಕಲೆಂದು ಭಾವನ ಪುಟ್ಟ ಡ್ರೋನು ತೆಗೆದ ಚಿತ್ರದಲ್ಲಿ ಗೋಡೆ ಗೋಡೆಯ ಹಾಗೆಯೇ ಇರಲಿಲ್ಲ. ಯಾರೋ ಮೇಣ ಸವರಿ ಅದರ ಮೇಲೆ ಚೌಕದ ಅಚ್ಚು ಒತ್ತಿಟ್ಟ ಹಾಗಿತ್ತು. ಪಾಚಿ ಇಲ್ಲ, ಗಾರೆಯ ಒರಟಿಲ್ಲ, ಹಳೆಯ ಗೋಡೆಗೆ ಇರಬೇಕಾದ ಒಂದು ಕಲೆಯೂ ಇಲ್ಲ.

ಅದಕ್ಕೆ ಕಾರಣ ಅವಳಿಗೆ ಗೊತ್ತಿತ್ತು. ಡ್ರೋನು ವಿಡಿಯೊವನ್ನು ಚೌಕ ಚೌಕವಾಗಿ ಕತ್ತರಿಸಿ, ಹಿಂಡಿ ಮೆಮೊರಿ ಕಾರ್ಡಿಗೆ ತುಂಬುತ್ತದೆ. ಒಂದು ಚಿತ್ರವನ್ನು ಪೂರ್ತಿ ಬರೆದುಕೊಂಡು, ಮುಂದಿನವುಗಳಲ್ಲಿ ಬದಲಾದದ್ದನ್ನಷ್ಟೇ ಅಂದಾಜಿನಲ್ಲಿ ಸೇರಿಸುತ್ತ ಹೋಗುತ್ತದೆ. ಕ್ವಾಲಿಟಿ ಇಳಿಸಿದಷ್ಟೂ ಅಂದಾಜು ಹೆಚ್ಚು, ನಿಜ ಕಡಿಮೆ. ಮಂಕು ಗೋಡೆಯ ಸಣ್ಣಪುಟ್ಟದ್ದೆಲ್ಲ ಮೊದಲು ಅಳಿಸಿಹೋಗುತ್ತದೆ. ಸೆಕೆಂಡಿಗೊಮ್ಮೆ ಪೂರ್ತಿ ಚಿತ್ರ ಬಂದಾಗ ಮಾತ್ರ ಗೋಡೆ ಕಣ್ಣು ಬಿಟ್ಟ ಹಾಗೆ ಸ್ಪಷ್ಟವಾಗುತ್ತದೆ. ಮರುಕ್ಷಣ ಮತ್ತೆ ಕರಗುತ್ತದೆ.

ಆ ಒಂದು ಚಿತ್ರದಲ್ಲಿ ಅವಳಿಗೆ ಗೆರೆ ಕಂಡಿತು. ಕೂದಲೆಳೆಯಷ್ಟು. ಪೈಪಿನ ಬುಡದಿಂದ ಓರೆಯಾಗಿ ಕೆಳಗೆ. ಮುಂದಿನ ಚಿತ್ರದಲ್ಲಿ ಇಲ್ಲ. ಒಂದು ಸೆಕೆಂಡು ಬಿಟ್ಟು ಮತ್ತೆ ಇದೆ.

ಚೌಕಳಿಯ ಅಂಚಿರಬಹುದೇ ಎಂದು ತನ್ನನ್ನೇ ಕೇಳಿಕೊಂಡಳು. ಕೇಳಿಕೊಳ್ಳಲು ಕಾರಣವಿತ್ತು. ಹೋದ ವರ್ಷ ಒಂದು ಗೋದಾಮಿನ ಚಿತ್ರದಲ್ಲಿ ನಾಲ್ಕು ಬಿರುಕಿಗೆ ಕೆಂಪು ಗುರುತು ಹಾಕಿದ್ದಳು. ಮಾಲೀಕರು ಸಾರ್ವೆ ಕಟ್ಟಿಸಿ ಮೇಸ್ತ್ರಿಯನ್ನು ಹತ್ತಿಸಿ ನೋಡಿದರೆ ಒಂದೂ ಇಲ್ಲ. ಅವಳು ಗುರುತಿಸಿದ್ದು ಗೋಡೆಯ ಬಿರುಕನ್ನಲ್ಲ, ಚೌಕ ಚೌಕ ಕೂಡುವ ಸಂದನ್ನು. ಎಲ್ಲರೆದುರು ಭಾವನ ಮುಖ ಸಣ್ಣದಾಯಿತು. ಅಂದಿನಿಂದ ಟೈರ್ ಅಂಗಡಿಯ ಮೇಲಿನ ಈ ಎರಡು ಕೋಣೆಯ ಆಫೀಸಿನಲ್ಲಿ ಅವಳಿಗೆ ಗೇಲಿಗೆ ಹದ್ದು ಎಂದೇ ಹೆಸರು.

ಆದರೆ ಚೌಕಳಿಯ ಸಂದು ನೆಟ್ಟಗೆ ಹೋಗುತ್ತದೆ, ಉದ್ದಕ್ಕೆ ಇಲ್ಲವೇ ಅಡ್ಡಕ್ಕೆ. ಇದು ಓರೆ. ಮೂರು ಚೌಕ ದಾಟಿ ಹೋಗಿದೆ. ಡ್ರೋನು ಪಕ್ಕಕ್ಕೆ ಸರಿದಾಗ ಚೌಕಗಳು ಪರದೆಯ ಮೇಲೆ ಇದ್ದಲ್ಲೇ ಇದ್ದವು. ಗೆರೆ ಮಾತ್ರ ಗೋಡೆಯ ಜೊತೆ ಸರಿಯಿತು.

ವಿಡಿಯೊದ ಕೊನೆಯಲ್ಲಿ ಟ್ಯಾಂಕಿನ ಬುಡದ ನಲ್ಲಿಗಳು ಕಾಣುತ್ತಿದ್ದವು. ಅಲ್ಲಿ ಕೈ ತೊಳೆಯಲು ನಿಂತ ಮಕ್ಕಳ ಸಾಲು. ಮುಖವಿಲ್ಲ, ಬರೀ ಬಣ್ಣದ ಚುಕ್ಕೆಗಳು.

"ಮುಗೀತೇನಮ್ಮ ಹದ್ದು?" ಭಾವ ಒಳಗೆ ಬಂದು ಡ್ರೋನಿನ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದ. "ಐದು ಗಂಟೆಗೆ ರಿಪೋರ್ಟ್ ಹೋಗ್ಬೇಕು."

"ಭಾವ, ಇಲ್ಲೊಂದು ಗೆರೆ ಇದೆ. ಇನ್ನೊಂದ್ಸಲ ಹಾರಿಸಿ ಬನ್ನಿ. ಹತ್ತಿರದಿಂದ, ಫುಲ್ ಕ್ವಾಲಿಟಿಲಿ."

ಅವನು ಬಗ್ಗಿ ನೋಡಿದ. ಅವನ ಬೆರಳು ಗುಂಡಿ ಮುಟ್ಟಿತು, ಗೆರೆ ಮಾಯವಾಯಿತು.

"ಎಲ್ಲಿ?"

"ಹಿಂದಿನ ಚಿತ್ರದಲ್ಲಿ."

"ಓ. ಹಿಂದಿನದರಲ್ಲಿ ಇರೋ ಬಿರುಕು ಮುಂದಿನದರಲ್ಲಿ ವಾಸಿಯಾಯ್ತು. ಒಳ್ಳೆ ಗೋಡೆ."

ಪಕ್ಕದ ಕೋಣೆಯಲ್ಲಿ ಫೋನು ನೋಡಿಕೊಳ್ಳುವ ಓರಗಿತ್ತಿ ಗಹಗಹಿಸಿ ನಕ್ಕಳು. "ಅವಳ ಕಣ್ಣಿಗೆ ಏನೇನು ಬೀಳುತ್ತೋ ಪಾಪ. ನಮ್ಮನೆ ಗೋಡೆ ತೋರಿಸ್ಬೇಡಿ, ಕೆಡವಿಸಿಬಿಟ್ಟಾಳು."

"ಕ್ವಾಲಿಟಿ ಇಳಿಸಿದ್ದು ನಾನಲ್ಲ ಅಕ್ಕ," ಎಂದಳು ಅವಳು. ತನ್ನ ದನಿ ಇಷ್ಟು ತಣ್ಣಗಿರುವುದು ಅವಳಿಗೇ ಹೊಸದು. "ಒಂದೇ ಕಾರ್ಡಲ್ಲಿ ಮೂರು ಕಟ್ಟಡ ತುಂಬಿಸಿದ್ದು ಯಾರು?"

ಭಾವ ಕುರ್ಚಿ ಎಳೆದು ಅವಳ ಎದುರಿಗೇ ಕುಳಿತ. "ನೋಡು, ಗೋದಾಮಿನ ವಿಷಯದಲ್ಲಿ ನಿನ್ನಿಂದ ನಾನು ತಲೆ ತಗ್ಗಿಸಿದ್ದು ಸಾಕು. ಬಿರುಕಿಲ್ಲ ಅಂತ ಬರಿ."

"ಕಾಣಲಿಲ್ಲ ಅಂತ ಬೇಕಾದ್ರೆ ಬರೀತೀನಿ. ಇಲ್ಲ ಅಂತ ಬರೆಯಲ್ಲ."

"ಕಾಣಲಿಲ್ಲ ಅಂದ್ರೆ ನಮ್ಮನ್ನ ಯಾಕೆ ಕರೀತಾರೆ? ಕುರುಡರನ್ನೇ ಕರೀಬಹುದಲ್ಲ. ನಿನ್ನ ಗಂಡನಿಗೆ ಫೋನ್ ಮಾಡ್ಲಾ?"

"ಮಾಡಿ."

ಅವನು ಮಾಡಿದ. ಸ್ಪೀಕರಿನಲ್ಲಿ ಗಂಡನ ದನಿ ಬಂತು, ಎಲ್ಲೋ ಗದ್ದಲದ ನಡುವಿನಿಂದ. "ಅಣ್ಣ ಹೇಳಿದ ಹಾಗೆ ಮಾಡೇ. ಸುಮ್ನೆ ಯಾಕೆ ರಂಪ?" ವಿಷಯ ಏನೆಂದು ಅವನು ಕೇಳಲೂ ಇಲ್ಲ.

ಭಾವ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು ಎರಡು ಬೆರಳಲ್ಲಿ ತಾನೇ ಟೈಪು ಮಾಡಿದ. ಟ್ಯಾಂಕಿನ ಗೋಡೆಯಲ್ಲಿ ಯಾವುದೇ ಬಿರುಕು ಇರುವುದಿಲ್ಲ. ಕೊನೆಯ ಪುಟದಲ್ಲಿ ಪರಿಶೀಲಿಸಿದವರು ಎಂಬ ಸಾಲಿತ್ತು, ಅದರ ಮುಂದೆ ಎಂದಿನಂತೆ ಅವಳ ಹೆಸರು, ಅವಳ ಸಿವಿಲ್ ಡಿಪ್ಲೊಮಾದ ನಂಬರು. ಅವನಿಗೆ ಹಾರಿಸಲು ಬರುತ್ತಿತ್ತು, ಓದಿರಲಿಲ್ಲ. ಆ ನಂಬರಿನ ಮೇಲೆಯೇ ಈ ಆಫೀಸಿಗೆ ಕೆಲಸ ಸಿಗುತ್ತಿದ್ದುದು. ಹೊಲಿಗೆ ಯಂತ್ರವನ್ನು ಬಳಸುವ ಹಾಗೆ ಅದನ್ನು ಬಳಸುತ್ತಿದ್ದರು, ಮುಚ್ಚಳ ತೆಗೆದು, ಕೆಲಸ ಮುಗಿದ ಮೇಲೆ ಮುಚ್ಚಿ.

ರಿಪೋರ್ಟು ಹೋಯಿತು. ಬಾಯಿ ತೆರೆದಿದ್ದರೆ ಅವಳು ಕಿರುಚುತ್ತಿದ್ದಳು, ಕಿರುಚಿದ್ದರೆ ಅವರು ಗೆಲ್ಲುತ್ತಿದ್ದರು. ಭಾವ ಕೈ ತೊಳೆಯಲು ಹೋದಾಗ ಆ ಗೆರೆ ಇದ್ದ ನಾಲ್ಕು ಚಿತ್ರಗಳನ್ನು ತನ್ನ ಫೋನಿಗೆ ಇಳಿಸಿಕೊಂಡಳು. ಗೋದಾಮಿನ ದಿನ ಅವಮಾನ ತನ್ನದು ಎಂದುಕೊಂಡಿದ್ದಳು. ಅವತ್ತೂ ಕಾರ್ಡು ತುಂಬಿಸಿದ್ದು ಇವನೇ ಅಲ್ಲವೇ ಎಂಬುದು ಈಗ ಹೊಳೆದು, ಒಂದು ವರ್ಷದ ಸಿಟ್ಟು ಒಟ್ಟಿಗೆ ಎದೆಗೆ ಬಂದು ಕೂತಿತು. ಅದನ್ನು ಹಾಗೇ ಇಟ್ಟುಕೊಂಡಳು. ಬೆಳಿಗ್ಗೆ ಬೇಕಾಗುತ್ತದೆ.

ರಿಪೋರ್ಟಿನ ಮೊದಲ ಪುಟದಲ್ಲೇ ಶಾಲೆಯ ವಿಳಾಸವಿತ್ತು. ಮೊದಲ ಗಂಟೆ ಬಾರಿಸುವ ಮುಂಚೆ ಅಲ್ಲಿರಬೇಕು. ಮುಖ್ಯೋಪಾಧ್ಯಾಯಿನಿಗೆ ಚಿತ್ರ ತೋರಿಸಬೇಕು. ಆ ಹೆಸರು ನನ್ನದು, ಆ ಮಾತು ನನ್ನದಲ್ಲ ಎಂದು ಬರೆದುಕೊಡಬೇಕು, ನಂಬರು ಸಮೇತ. ಗೋಡೆ ಗಟ್ಟಿಯಾಗಿದ್ದರೆ ಇನ್ನೊಮ್ಮೆ ನಗಲಿ. ಅಷ್ಟರವರೆಗೆ ಮಕ್ಕಳು ಬೇರೆಲ್ಲಾದರೂ ಕೈ ತೊಳೆಯಲಿ.

ಬ್ಯಾಗು ಹೆಗಲಿಗೇರಿಸಿದಾಗ ಓರಗಿತ್ತಿ ಬಾಗಿಲಿಗೆ ಒರಗಿ ನಿಂತಿದ್ದಳು. "ನಾಳೆ ಬೇಗ ಬಾ. ಇನ್ನೆರಡು ಕಟ್ಟಡದ್ದು ಬಾಕಿ ಇದೆ."

"ಸ್ವಲ್ಪ ತಡ ಆಗುತ್ತಕ್ಕ. ಹಲ್ಲು ನೋವು, ಡಾಕ್ಟರ ಹತ್ರ ಹೋಗ್ಬೇಕು."

"ಬಾಯಿ ಜಾಸ್ತಿ ಆದ್ರೆ ಹಲ್ಲು ನೋಯ್ದೆ ಇನ್ನೇನಾಗುತ್ತೆ. ಕೀಳಿಸ್ಕೊಂಡು ಬಾ."

"ಅದೇ ಅಂದ್ಕೊಂಡಿದೀನಿ," ಎಂದು ಅವಳು ಮೆಟ್ಟಿಲಿಳಿದಳು.